ಏಳೇ ಎಲುಬು

ಹಳೇ ಹತ್ತಿಮಿಲ್ಲಿನ ಹಿಂದೆ, ದಾವಣಗೆರೆಯ ಸರ್ಕಾರಿ ಶಾಲೆಯ
ಗೋಡೆ ಹದಿನಾಲ್ಕಡಿ.
ಜಿರಾಫೆಗೆ ಹದಿನೆಂಟು ಬೇಕು ಅನ್ನುತ್ತದೆ
ಹೆಡ್‌ಮಾಸ್ತರು ಕೊಟ್ಟ ಪುಸ್ತಕ.
ಏಣಿಯ ಮೇಲೆ ದಾದಾಪೀರ್, ಕುತ್ತಿಗೆಗೆ ಬೆಲ್ಟು.
ಕೆಳಗೆ ನಾನು,
ಒಂದು ಕೈಯಲ್ಲಿ ಏಣಿ, ಒಂದು ಕೈಯಲ್ಲಿ ಕಾವಿಬಣ್ಣದ ಡಬ್ಬಿ,
ತೊಡೆಯ ಮೇಲೆ ತೆರೆದ ಪುಸ್ತಕ.

ಮೂವತ್ತು ವರ್ಷ ತಲೆ ಹಿಂದಕ್ಕೆ ಚೆಲ್ಲಿ ಬರೆದವನು:
ನಾಯಕರ ಮೀಸೆ, ಸಿಮೆಂಟಿನ ಆನೆ,
ಚುನಾವಣೆ ಬಂದಾಗ ಎಲ್ಲ ಪಕ್ಷದ ಚಿಹ್ನೆ.
ಈಗ ಹಿಂದಿನಿಂದ ಕರೆದರೆ
ಇಡೀ ಮೈ ತಿರುಗಿಸುತ್ತಾನೆ,
ಇಕ್ಕಟ್ಟು ಗಲ್ಲಿಯಲ್ಲಿ ಲಾರಿಯ ಹಾಗೆ.

ಮೊನ್ನೆ ಆಸ್ಪತ್ರೆಯಲ್ಲಿ
ಅವನ ಕತ್ತನ್ನು ಬೆಳಕಿಗೆ ಹಿಡಿದು
ಡಾಕ್ಟರಮ್ಮ ಪೆನ್ನಿನ ತುದಿಯಲ್ಲಿ ಎಣಿಸಿದರು.
ಏಳು ಎಲುಬು. ಐದು ಆರರ ನಡುವೆ
ಗಾದಿ ಸವೆದಿದೆ.

ಪುಸ್ತಕದಲ್ಲೂ ಏಳೇ.
ಇಲಿಗೆ ಏಳು, ಎಮ್ಮೆಗೆ ಏಳು,
ಜಿರಾಫೆಗೂ ಏಳೇ, ಒಂದೊಂದು ಗೇಣುದ್ದ.
ಓದಿ ಹೇಳಿದೆ. ಬ್ರಶ್ ನಿಂತಿತು.
"ಲೇ ಪಾಲಾಕ್ಷ, ಏಳರಾಗೇ ಆಟೆತ್ತರ ಮಾಡ್ಕಂಡೈತಿ ನೋಡು ಅದು.
ನಮ್ಮ ಏಳರಾಗೆ ಎರಡು ಆಗ್ಲೇ ಖರ್ಚಾದ್ವು."

ಆಫ್ರಿಕದ ಮರ ಅವನಿಗೆ ಗೊತ್ತಿಲ್ಲ.
ಜಗಳೂರು ರಸ್ತೆಯ ಜಾಲಿ ಬರೆದ, ಮುಳ್ಳು ಸಮೇತ.
ಕೆಳಗೊಂದು ಮೇಕೆ, ಹಿಂಗಾಲ ಮೇಲೆ ನಿಂತು
ಎಟುಕುವಷ್ಟನ್ನೂ ಬೋಳಿಸಿದ ಮೇಕೆ.
ಅದರ ಬಾಯಿ ಮುಗಿದಲ್ಲಿಂದ ಮೇಲಿನ ಸೊಪ್ಪೆಲ್ಲ
ಜಿರಾಫೆಯದು.

ನಾಲಿಗೆಗೆ ಕೆಂಪು ಬಳಿದಾಗ
ನಾಲ್ಕನೇ ಕ್ಲಾಸಿನ ಮಹಜಬೀನ್ ತಡೆದಳು:
"ಅದು ಕಪ್ಪು, ಚಾಚಾ. ದಿನವೆಲ್ಲ ಹೊರಗೇ ಇರ್ತದಲ್ಲ,
ಬಿಸಿಲಿಗೆ ಸುಡಬಾರ್ದು ಅಂತ."
ಆಮೇಲೆ ತನ್ನದನ್ನೂ ಚಾಚಿ ತೋರಿಸಿದಳು,
ಆಗಷ್ಟೇ ನೇರಳೆಹಣ್ಣು ತಿಂದದ್ದನ್ನು.
ದಾದಾಪೀರ್ ಅದನ್ನೇ ನೋಡಿಕೊಂಡು
ನೀಲಿಗೆ ಕಪ್ಪು ಕಲೆಸಿದ.

ಮಚ್ಚೆ ಬರೆಯಲು ಎರಡು ದಿನ.
ಒಂದೊಂದರ ಕೆಳಗೂ ನಾಳದ ಬಲೆಯಂತೆ,
ಮೈಯ ಕಾವು ಹೊರಗೆ ಹೋಗುವ ಕಿಟಕಿಯಂತೆ.
ಎರಡು ಗಂಟೆಯ ಬಿಸಿಲು.
ನಮ್ಮ ಅಂಗಿ ಬೆನ್ನಿಗಂಟಿತ್ತು.
"ನಮಗೊಂದಾದ್ರೂ ಇಟ್ಟಿದ್ರೆ!" ಅಂದ.

ಮೂರನೇ ದಿನ ಗೋಡೆ ಮುಗಿಯಿತು,
ಜಿರಾಫೆ ಮುಗಿಯಲಿಲ್ಲ.
ಕಣ್ಣಿನ ಮೇಲೆ ಆಕಾಶ;
ರೆಪ್ಪೆಗೆ ಜಾಗವಿಲ್ಲ,
ತೊಗಲು ಹೊದ್ದ ಆ ಎರಡು ಗಿಡ್ಡ ಕೊಂಬಿಗೂ ಇಲ್ಲ.
ಹೆಡ್‌ಮಾಸ್ತರು ಬಂದು ನೋಡಿದರು:
"ಸ್ವಲ್ಪ ಸಣ್ಣದು ಮಾಡ್ರಿ."
ಸಣ್ಣದು ಮಾಡಿದರೆ ಕುದುರೆಯಾಗುತ್ತದೆ ಸಾರ್,
ಅನ್ನಲಿಲ್ಲ ದಾದಾಪೀರ್. ಬೀಡಿ ಹಚ್ಚಿದ.
ಗೋಡೆಯ ಬುಡದಲ್ಲಿ
ಮಕ್ಕಳು ನೀರು ಕುಡಿಯುವ ನಲ್ಲಿ.
ಅದನ್ನೇ ನೋಡುತ್ತ ಕೂತ.

ಸುಣ್ಣ ಹೊಡೆದು ಕತ್ತು ಅಳಿಸಿದೆವು.
ಮುಂಗಾಲು ಅಗಲಿಸಿದ, ಕವೆಯ ಹಾಗೆ.
ನಾನು ಓದುತ್ತ ಹೋದೆ:
ಹನ್ನೊಂದು ಕೇಜಿ ತೂಗುವ ಗುಂಡಿಗೆ,
ನಮ್ಮ ಎರಡರಷ್ಟು ಬೀಪಿ,
ಬಗ್ಗಿದಾಗ ರಕ್ತವೆಲ್ಲ ತಲೆಗೆ ನುಗ್ಗದಂತೆ
ಕತ್ತಿನಲ್ಲಿ ಕದ,
ತಲೆಯೊಳಗೆ ನರದ ಜಾಳಿಗೆ,
ಕಾಲಿಗೆ ಉಡುದಾರದಷ್ಟು ಬಿಗಿ ತೊಗಲು.
ಇಷ್ಟೆಲ್ಲ ಇದ್ದರೂ ಅದು
ನೀರು ಕುಡಿಯುವಾಗಲೇ ಹೆಚ್ಚು ಹೆದರುವುದಂತೆ.
ಸಿಂಹಕ್ಕೆ ಗೊತ್ತು ಆ ಗಳಿಗೆ.

ಸಂಜೆ ಹೊತ್ತಿಗೆ ಕತ್ತು ಇಳಿದು ಬಂತು,
ಗೋಡೆಯುದ್ದ, ಕಿಟಕಿ ದಾಟಿ, ಕರೆಂಟ್ ಮೀಟರು ತಪ್ಪಿಸಿ,
ನೇರಳೆ ನಾಲಿಗೆ ನಿಜವಾದ ನಲ್ಲಿಗೆ ತಾಗುವ ತನಕ.

ದಾದಾಪೀರ್ ಏಣಿ ಇಳಿದ. ಬಾಯಾರಿತ್ತು.
ನಲ್ಲಿ ತಿರುಗಿಸಿದ. ಕತ್ತು ಬಗ್ಗುವುದಿಲ್ಲವಲ್ಲ,
ಕಾಲು ಅಗಲಿಸಿ ನಿಂತ,
ಇಷ್ಟಿಷ್ಟೇ ಸೊಂಟ ಬಗ್ಗಿಸಿದ,
ಒಮ್ಮೆ ಅತ್ತ ಇತ್ತ ನೋಡಿ,
ಕುಡಿದ.

ಬಿಲ್ಲಿನಲ್ಲಿ ಬರೆದದ್ದು: ಪ್ರಾಣಿ, ಒಂದು.
ಮೊದಲ ಮಳೆಗೆ ಸುಣ್ಣ ತೆಳುವಾಗಿ
ಅಳಿಸಿದ ಕತ್ತು ಮಸುಕಾಗಿ ಎದ್ದಿದೆ.
ಮಹಜಬೀನ್ ಎರಡು ಅಂತ ಎಣಿಸುತ್ತಾಳೆ.